ಬೆತ್ಲೆಹೇಮಿನ ನಕ್ಷತ್ರ ಮತ್ತು ಯಾಜಕನ ಪ್ರಶ್ನೆ: ಆರ್ಥರ್ ಸಿ. ಕ್ಲಾರ್ಕ್ ಅವರ ಕಥೆಯೊಂದರ ವಿಮರ್ಶೆ

ಕಳೆದ ಶತಮಾನದ ನಡುಭಾಗದಲ್ಲಿ ಬಂದ ಅಂತರಿಕ್ಷ ಕಥೆಗಳನ್ನು ಮಕ್ಕಳ ಓದೆಂದು ಬದಿಗಿಡುವವರು ನಮ್ಮಲ್ಲಿ ಅನೇಕರು. ಆದರೆ ಆರ್ಥರ್ ಸಿ. ಕ್ಲಾರ್ಕ್ 1955ರಲ್ಲಿ ಪ್ರಕಟಿಸಿದ ‘ದ ಸ್ಟಾರ್’ ಎಂಬ ಸಣ್ಣಕಥೆ ದೈವಶಾಸ್ತ್ರದ ವಿದ್ಯಾರ್ಥಿಯಿಂದ ಗಂಭೀರವಾದ ಉತ್ತರವನ್ನು ಬೇಡುತ್ತದೆ. 1956ರಲ್ಲಿ ಹ್ಯೂಗೋ ಪ್ರಶಸ್ತಿಗೆ ಪಾತ್ರವಾದ ಈ ಕಥೆ, ಕೆಲವೇ ಪುಟಗಳಲ್ಲಿ ಒಬ್ಬ ಯಾಜಕನ ವಿಶ್ವಾಸವನ್ನು ಒರೆಗೆ ಹಚ್ಚುತ್ತದೆ.

ಕಥೆಯ ನಿರೂಪಕ ಯೇಸುಸಭೆಯ ಗುರು, ಖಗೋಳ ವಿಜ್ಞಾನಿ. ಸ್ಫೋಟಗೊಂಡ ಸೂರ್ಯನೊಂದರ ಅವಶೇಷವನ್ನು ಪರಿಶೀಲಿಸಿ ಅವನ ನೌಕೆ ಭೂಮಿಗೆ ಮರಳುತ್ತಿದೆ. ಆ ಸೂರ್ಯನ ಸುತ್ತ ಒಂದು ಸುಂದರ ನಾಗರಿಕತೆಯಿತ್ತು. ಅಳಿವು ಸಮೀಪಿಸಿದಾಗ ಆ ಜನರು ತಮ್ಮ ಕಲೆ, ಜ್ಞಾನ, ಚಿತ್ರಗಳನ್ನೆಲ್ಲ ಅತ್ಯಂತ ದೂರದ ಗ್ರಹದಲ್ಲಿ ಕಾಪಿಟ್ಟಿದ್ದರು. ಕಡಲತೀರದಲ್ಲಿ ಆಡುವ ಅವರ ಮಕ್ಕಳ ದೃಶ್ಯ ಯಾಜಕನ ಕಣ್ಣಿಂದ ಮರೆಯಾಗದು. ಸ್ಫೋಟದ ಕಾಲವನ್ನು ಲೆಕ್ಕ ಹಾಕಿದಾಗ, ಅದರ ಬೆಳಕೇ ಬೆತ್ಲೆಹೇಮಿನ ಮೇಲೆ ಹೊಳೆದ ನಕ್ಷತ್ರವೆಂದು ತಿಳಿಯುತ್ತದೆ. ಒಂದು ಜನಾಂಗವನ್ನು ಸುಟ್ಟು ದೇವರು ತನ್ನ ಪುತ್ರನ ಜನನಕ್ಕೆ ದೀಪ ಹಚ್ಚಿದನೇ ಎಂಬುದು ಅವನನ್ನು ಹಿಂಡುವ ಪ್ರಶ್ನೆ.

ಲೇಖಕರ ಅವಿಶ್ವಾಸವನ್ನು ಮುಂದಿಟ್ಟು ಈ ಪ್ರಶ್ನೆಯನ್ನು ತಳ್ಳಿಹಾಕುವುದು ನ್ಯಾಯವಲ್ಲ. ಕ್ಲಾರ್ಕ್ ತಮ್ಮ ಯಾಜಕನನ್ನು ಎಲ್ಲಿಯೂ ಗೇಲಿ ಮಾಡುವುದಿಲ್ಲ. ಅವನನ್ನು ಪ್ರಾಮಾಣಿಕನನ್ನಾಗಿಯೇ ಚಿತ್ರಿಸಿದ್ದಾರೆ. ಕಥೆಯ ಶಕ್ತಿ ಇರುವುದೂ ಅಲ್ಲಿಯೇ.

ಆದರೂ ಆ ಯಾಜಕನ ತರ್ಕವನ್ನು ನಾವು ಪರಿಶೀಲಿಸಬೇಕು. ಅವನ ಲೆಕ್ಕ ತೋರಿಸುವುದು ಎರಡು ಘಟನೆಗಳು ಏಕಕಾಲಕ್ಕೆ ಕೂಡಿಬಂದುದನ್ನು, ದೇವರ ಉದ್ದೇಶವನ್ನಲ್ಲ. ಸಿಲೊವಾಮಿನ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತಾಗ, ಆ ದುರಂತದಿಂದ ಸತ್ತವರ ಪಾಪವನ್ನು ಅಳೆಯಲು ಯೇಸುಸ್ವಾಮಿ ಒಪ್ಪಲಿಲ್ಲ. ದುರಂತದಿಂದ ದೇವರ ಮನಸ್ಸನ್ನು ಓದಿಬಿಡುವ ಆತುರಕ್ಕೂ ಆ ಎಚ್ಚರಿಕೆ ಸಲ್ಲುತ್ತದೆ.

ಇದಕ್ಕಿಂತ ಮುಖ್ಯವಾದ ಕೊರತೆ ಬೇರೆ. ಕಥೆ ಆರಂಭವಾಗುವುದೇ ನೌಕೆಯ ಗೋಡೆಯ ಮೇಲಿನ ಶಿಲುಬೆಯಿಂದ. ಆದರೆ ಯಾಜಕನ ವಾದ ಆ ಶಿಲುಬೆಯನ್ನು ಎಲ್ಲಿಯೂ ಬಳಸಿಕೊಳ್ಳುವುದಿಲ್ಲ. ಸೃಷ್ಟಿಸಿದವನು ನಾಶಮಾಡಲೂ ಬಲ್ಲ, ಅವನು ಮನುಷ್ಯನಿಗೆ ಲೆಕ್ಕ ಒಪ್ಪಿಸಬೇಕಿಲ್ಲ ಎಂಬ ಸಾರ್ವಭೌಮತ್ವದ ಮಾತನ್ನು ಮಾತ್ರ ಅವನು ಆಶ್ರಯಿಸುತ್ತಾನೆ. ಆ ಆಸರೆ ಕುಸಿಯುವುದು ಸಹಜ. ಸಂತ ಮತ್ತಾಯನ ಶುಭಸಂದೇಶ ನಕ್ಷತ್ರವನ್ನು ಮೃತ ಶಿಶುಗಳಿಂದ ಬೇರ್ಪಡಿಸುವುದಿಲ್ಲ. ಜ್ಯೋತಿಷಿಗಳ ಆನಂದವನ್ನು ಹೇಳಿದ ಅಧ್ಯಾಯವೇ ಹೆರೋದನ ಕತ್ತಿಯನ್ನೂ ಸಮಾಧಾನ ಒಲ್ಲದ ರಾಖೇಲಳ ಗೋಳನ್ನೂ ಹೇಳುತ್ತದೆ. ಅಂದು ಪಾರಾದ ಶಿಶುವೂ ಮುಂದೆ ಕೊಲ್ಲಲ್ಪಟ್ಟವರ ಸಾಲಿಗೆ ಸೇರಿದನು. ಇದು ‘ಏಕೆ’ ಎಂಬುದಕ್ಕೆ ಉತ್ತರವಲ್ಲ. ಆದರೆ ಸುಟ್ಟುಹೋದವರನ್ನು ದೂರದಿಂದ ನೋಡುವ ದೇವರು ನಮ್ಮ ವಿಶ್ವಾಸದ ದೇವರಲ್ಲ ಎಂಬುದನ್ನು ಸ್ಪಷ್ಟಪಡಿಸುತ್ತದೆ.

1985ರಲ್ಲಿ ‘ದ ಟ್ವಿಲೈಟ್ ಝೋನ್’ ದೂರದರ್ಶನ ಸರಣಿ ಈ ಕಥೆಯನ್ನು ಅಳವಡಿಸಿಕೊಂಡಾಗ ಅಂತ್ಯವನ್ನು ಮೃದುಗೊಳಿಸಿತು: ಅಳಿದ ಜನರೇ ಬಿಟ್ಟುಹೋದ ಕವಿತೆಯೊಂದು, ತಮಗಾಗಿ ಶೋಕಿಸಬೇಡಿ ಎಂದು ಯಾಜಕನನ್ನು ಸಂತೈಸುತ್ತದೆ. ನಮ್ಮ ದೃಷ್ಟಿಯಲ್ಲಿ ಇದು ಮೂಲಕಥೆಗಿಂತ ದುರ್ಬಲ. ಸತ್ತವರ ಒಪ್ಪಿಗೆಯನ್ನು ಬದುಕಿರುವವರು ಬರೆದುಕೊಂಡಂತಿದೆ. ಯೋಬನ ಗೆಳೆಯರ ಸಾಂತ್ವನವೂ ಹೀಗೆಯೇ ಅಗ್ಗವಾಗಿತ್ತು. ಉತ್ತರ ಸಿಗದ ಕ್ಲಾರ್ಕ್‌ರ ಯಾಜಕನಾದರೋ ಯೋಬನಿಗೆ ಹೆಚ್ಚು ಹತ್ತಿರದವನು.

ಗುರುಪಟ್ಟಕ್ಕೆ ಸಿದ್ಧರಾಗುತ್ತಿರುವವರು ಈ ಕಥೆಯನ್ನು ಓದಲೆಂದು ನಾವು ಬಯಸುವುದು ಇದಕ್ಕಾಗಿಯೇ. ಮಗುವನ್ನು ಕಳೆದುಕೊಂಡ ತಾಯಿ ಇದೇ ಪ್ರಶ್ನೆಯನ್ನು ಖಗೋಳಶಾಸ್ತ್ರದ ನೆರವಿಲ್ಲದೆಯೇ ಕೇಳುತ್ತಾಳೆ. ಆಗ ಎಲ್ಲವೂ ದೈವಚಿತ್ತವೆಂದು ಹೇಳಿ ಹೊರಬರುವ ಗುರು, ಗೋಡೆಯ ಮೇಲಿನ ಶಿಲುಬೆಯತ್ತ ಬೆನ್ನು ಮಾಡಿ ನಿಂತಿರುತ್ತಾನೆ.