ಗೋಡೆಯ ಮೇಲಿನ ಧಕ್ಕೆ

ವಿಸ್ಲರನ 'ತಾಯಿ' ಚಿತ್ರವನ್ನು ನೀವೂ ಎಲ್ಲಾದರೂ ನೋಡಿರುತ್ತೀರಿ. ಕಪ್ಪು ಉಡುಪು, ತಲೆಗೆ ಬಿಳಿಯ ಕುಲಾವಿ, ಮಡಿಲಲ್ಲಿ ಕೈ. ಪಕ್ಕಕ್ಕೆ ತಿರುಗಿ ಕುರ್ಚಿಯಲ್ಲಿ ಕುಳಿತ ಮುದುಕಿ. ಎಷ್ಟೋ ವರ್ಷ ಅದರ ಅಚ್ಚನ್ನು ತರಗತಿಯಲ್ಲಿ ತೋರಿಸಿ, ತಾಯಿಯ ಒಂಟಿತನ ಅಂದರೆ ಇದೇ ಎಂದು ಹೇಳುತ್ತ ಬಂದಿದ್ದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗಿ ಎದ್ದು, "ಟೀಚರ್, ಗೋಡೆ ಮೇಲಿರೋ ಆ ಪಟ ಯಾವುದು?" ಎಂದಳು. ಅದನ್ನು ನಾನು ಗಮನಿಸಿಯೇ ಇರಲಿಲ್ಲ!

ಹುಡುಕಿದಾಗ ತಿಳಿಯಿತು, ಅದು ವಿಸ್ಲರನದೇ 'ಬ್ಲ್ಯಾಕ್ ಲಯನ್ ವಾರ್ಫ್' ಎಂಬ ಎಚಿಂಗ್. 1859ರಲ್ಲಿ ಮಾಡಿದ್ದು, ಲಂಡನ್ನಿನ ಥೇಮ್ಸ್ ನದಿಯ ಬಂದರಿನಲ್ಲಿ, ವಾಪಿಂಗ್ ಎಂಬಲ್ಲಿದ್ದ ಒಂದು ಧಕ್ಕೆ. ಗಾತ್ರ ಸುಮಾರಾಗಿ ನಮ್ಮ ನೋಟ್‌ಪುಸ್ತಕದ ಹಾಳೆಯಷ್ಟು. ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೀಚಿ, ಆಮ್ಲದಲ್ಲಿ ಅದ್ದಿದರೆ ಗೀಚಿದ ಕಡೆ ಮಾತ್ರ ತಾಮ್ರ ಕೊರೆಯುತ್ತದೆ. ಆ ಗೆರೆಗಳಲ್ಲಿ ಶಾಯಿ ತುಂಬಿ ಕಾಗದದ ಮೇಲೆ ಒತ್ತಿದರೆ ಚಿತ್ರ. ಈ ಕೆಲಸವನ್ನು ಅವನು ಕಲಿತದ್ದು ಅಮೆರಿಕದ ಕರಾವಳಿ ಸರ್ವೆ ಕಚೇರಿಯಲ್ಲಿ, 1854-55ರಲ್ಲಿ, ನಕ್ಷೆ ಕೊರೆಯುವ ನೌಕರಿಯಲ್ಲಿದ್ದಾಗ.

ಚಿತ್ರದಲ್ಲಿ ಮುಂದುಗಡೆ ದೋಣಿಯಲ್ಲಿ ಗಡ್ಡದ ಕೂಲಿಯೊಬ್ಬ ಕುಳಿತಿದ್ದಾನೆ. ಆಚೆ ದಡದಲ್ಲಿ ಉಗ್ರಾಣಗಳು ಒತ್ತೊತ್ತಾಗಿ ನಿಂತಿವೆ. ಹತ್ತಿರದ್ದು ಸ್ಪಷ್ಟ, ದೂರದ್ದು ಮಸುಕು ಎಂದಲ್ಲವೇ ನಾವು ಮಕ್ಕಳಿಗೆ ಹೇಳಿಕೊಡುವುದು? ಇಲ್ಲಿ ಎಲ್ಲ ತಿರುಗುಮುರುಗು. ಹತ್ತಿರದ ಮನುಷ್ಯನನ್ನು ಅವಸರದ ಗೆರೆಗಳಲ್ಲಿ ಬಿಡಿಸಿ, ದೂರದ ಕಿಟಕಿ, ಹಲಗೆ, ಕೊನೆಗೆ ಗೋಡೆಯ ಮೇಲಿನ ಹೆಸರನ್ನೂ ನಕ್ಷೆಗಾರನ ನಿಷ್ಠೆಯಿಂದ ಕೊರೆದಿದ್ದಾನೆ. ಅಚ್ಚಿನಲ್ಲಿ ಅಕ್ಷರ ನೇರವಾಗಿ ಬರಬೇಕಾದರೆ ತಗಡಿನ ಮೇಲೆ ತಿರುಗಾ ಬರೆಯಬೇಕು. ಅಷ್ಟು ತಾಳ್ಮೆ ಇದ್ದವನು ಮುಂದಿನದನ್ನು ಬೇಕೆಂದೇ ಅರ್ಧಕ್ಕೆ ಬಿಟ್ಟಿದ್ದಾನೆ.

ಮೊದಲು ನಾನು ಆ ಕೂಲಿಯ ಮುಖದಲ್ಲಿ ದುಃಖ ಹುಡುಕಿದೆ. ಸಿಗಲಿಲ್ಲ. ಆದರೂ ಚಿತ್ರದಲ್ಲೊಂದು ಮೌನವಿದೆಯಲ್ಲ, ಅದೆಲ್ಲಿಂದ ಬಂತು? ನಡುವಿನ ನೀರಿನಿಂದ. ಅಲ್ಲಿ ಗೆರೆಗಳು ತೀರ ಕಡಿಮೆ. ನೀರೆಂದರೆ ಹೆಚ್ಚುಪಾಲು ಬರೀ ಕಾಗದ. ಅದನ್ನು ಬೆರಳಿನಿಂದ ಮುಚ್ಚಿ ನೋಡಿ: ಮನುಷ್ಯ, ದೋಣಿ, ಉಗ್ರಾಣ ಎಲ್ಲ ಒಂದಕ್ಕೊಂದು ಅಂಟಿಕೊಂಡು ಸಂತೆಯ ಗದ್ದಲವಾಗುತ್ತದೆ. ಬೆರಳು ತೆಗೆದರೆ ಮತ್ತೆ ಮೌನ.

ಇದನ್ನು ಕಂಡಮೇಲೆ 'ತಾಯಿ'ಯನ್ನು ಮತ್ತೆ ನೋಡಿದೆ. ಅಲ್ಲಿಯೂ ಇದೇ ಉಪಾಯ! ನೀರಿನ ಬದಲು ಬೂದು ಗೋಡೆ. 1871ರ ಆ ಚಿತ್ರಕ್ಕೆ ವಿಸ್ಲರ್ ಇಟ್ಟ ಹೆಸರು 'ಬೂದು ಮತ್ತು ಕಪ್ಪಿನ ಸಂಯೋಜನೆ'. ಹೆತ್ತವಳನ್ನು ಬಣ್ಣದ ಹೆಸರಿನಿಂದ ಕರೆದನಲ್ಲ ಎಂದು ನನಗೆ ಸಿಟ್ಟಿತ್ತು. ಈಗ ಅರ್ಧ ಒಪ್ಪುತ್ತೇನೆ. ನಾನು ಅವಳ ಒಂಟಿತನ ಎಂದದ್ದು ಬಹುಪಾಲು ಆ ಖಾಲಿ ಗೋಡೆಯ ಕೆಲಸ. ನಮ್ಮಮ್ಮನೂ ಕೊನೆಯ ವರ್ಷ ಕಿಟಕಿಯ ಬಳಿ ಹೀಗೇ ಕೂರುತ್ತಿದ್ದಳು. "ಪಾಪ, ಬೇಜಾರಾಗಿದೆ" ಎಂದು ಮನೆಯವರೆಲ್ಲ ತೀರ್ಮಾನಿಸಿದ್ದೆವು. ಏನು ನೋಡುತ್ತಿದ್ದೀಯಮ್ಮ ಎಂದು ಒಂದು ದಿನವೂ ಕೇಳಲಿಲ್ಲ.

ಉಳಿದರ್ಧ ಮಾತ್ರ ಒಪ್ಪಲಾರೆ. ತಾಯಿಯನ್ನು ಕೂರಿಸಿದ ಗೋಡೆಗೆ ತನ್ನದೇ ದುಡಿಮೆಯ ಚಿತ್ರವನ್ನು ತೂಗುಹಾಕಿದ ಮಗನಿಗೆ ಅದು ಬರೀ ಬಣ್ಣದ ಜೋಡಣೆಯಾಗಿತ್ತೆಂದು ನಂಬುವುದು ಹೇಗೆ?

ಈಗ ತರಗತಿಯಲ್ಲಿ ಆ ಚಿತ್ರ ತೋರಿಸುವಾಗ ನಾನು ಮೊದಲು ಬಾಯಿ ಬಿಡುವುದಿಲ್ಲ. "ಏನೇನು ಕಾಣುತ್ತೆ, ಹೇಳಿ" ಎನ್ನುತ್ತೇನೆ.