ಅದೇ ಚೆಂಡು, ಅದೇ ವಿಮರ್ಶೆ

ಪ್ರತಿವರ್ಷ ಸೆಪ್ಟೆಂಬರ್ ಕೊನೆಯ ವಾರ ಬಂತೆಂದರೆ ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ತನ್ನ ಫುಟ್ಬಾಲ್ ವಿಡಿಯೋ ಗೇಮ್‌ನ ಹೊಸ ಆವೃತ್ತಿಯನ್ನು ಮಾರುಕಟ್ಟೆಗೆ ಬಿಡುತ್ತದೆ. 1993ರಲ್ಲಿ ಶುರುವಾದ ಈ ಸರಣಿ 2022ರವರೆಗೆ ಫಿಫಾ ಹೆಸರಿನಲ್ಲಿ ಬಂತು. ಹೆಸರಿನ ಒಪ್ಪಂದ ಮುರಿದ ಮೇಲೆ 2023ರಿಂದ ಇಎ ಸ್ಪೋರ್ಟ್ಸ್ ಎಫ್‌ಸಿ ಎಂದಾಯಿತು. ಹೆಸರು ಬದಲಾದರೂ ಪದ್ಧತಿ ಬದಲಾಗಲಿಲ್ಲ. ಆಟ ಬಂದ ವಾರದಲ್ಲೇ ವಿಮರ್ಶೆಗಳೂ ಬರುತ್ತವೆ. ಚೆಂಡಿನ ಚಲನೆ ಸುಧಾರಿಸಿದೆ, ಗೋಲ್‌ಕೀಪರ್ ಚುರುಕಾಗಿದ್ದಾನೆ, ಹುಲ್ಲಿನ ಬಣ್ಣ ನೈಜವಾಗಿದೆ, ಆದರೂ ಕಳೆದ ವರ್ಷಕ್ಕಿಂತ ಹೆಚ್ಚೇನೂ ಹೊಸದಿಲ್ಲ ಎಂದು ಬರೆದು ಹತ್ತಕ್ಕೆ ಏಳೋ ಎಂಟೋ ಅಂಕ ಕೊಟ್ಟು ಮುಗಿಸುತ್ತಾರೆ. ಮರುವರ್ಷ ಇದೇ ಮಾತುಗಳು ಮತ್ತೆ ಬರುತ್ತವೆ.

ಇದು ಶ್ರೀಮಂತ ದೇಶಗಳ ಮಕ್ಕಳ ಆಟ, ನಮಗೇಕೆ ಇದರ ಗೊಡವೆ ಎಂದು ಓದುಗರು ಕೇಳಬಹುದು. 70 ಡಾಲರ್ ಬೆಲೆಯ ಆಟವನ್ನು, ಅದನ್ನು ಆಡಲು ಬೇಕಾದ ದುಬಾರಿ ಯಂತ್ರವನ್ನು ಸಾಲಗುಂದದಂಥ ಊರಿನ ಎಷ್ಟು ಮನೆಗಳು ಕೊಂಡಾವು? ಸಿಂಧನೂರು ತಾಲೂಕಿನ ಈ ಸೀಮೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಂಬಿ ಭತ್ತ ಬೆಳೆಯುವ ಸೀಮೆ. ಇಲ್ಲಿನ ಹುಡುಗರ ಬಯಲಾಟವೆಂದರೆ ಕ್ರಿಕೆಟ್ಟು, ಕಬಡ್ಡಿ. ಆದರೆ ಇದೇ ಆಟದ ಮೊಬೈಲ್ ರೂಪವೊಂದಿದೆ. ಅದಕ್ಕೆ ಬೆಲೆಯಿಲ್ಲ. ಅಪ್ಪನ ಫೋನು ಕೈಗೆ ಸಿಕ್ಕರೆ ಸಾಕು, ಐದು ನಿಮಿಷದಲ್ಲಿ ಇಳಿಸಿಕೊಳ್ಳಬಹುದು. ಇಲ್ಲಿನ ಹುಡುಗನೊಬ್ಬ ಫುಟ್ಬಾಲನ್ನು ಮೈದಾನದಲ್ಲಿ ಕಾಣುವ ಮೊದಲು ಪರದೆಯ ಮೇಲೆ ಕಾಣುವ ಕಾಲ ಇದು. ಆದ್ದರಿಂದ ಈ ಆಟವನ್ನು ಹೇಗೆ ವಿಮರ್ಶಿಸುತ್ತಾರೆ ಎಂಬುದು ನಮ್ಮ ಪ್ರಶ್ನೆಯೂ ಹೌದು.

ಮೊದಲು ಈ ಆಟಕ್ಕೆ ಸಲ್ಲಬೇಕಾದ ಮೆಚ್ಚುಗೆಯನ್ನು ಸಲ್ಲಿಸೋಣ. 2015ರಲ್ಲಿ ಬಂದ ಫಿಫಾ 16ರಲ್ಲಿ ಮೊದಲ ಬಾರಿಗೆ ಮಹಿಳೆಯರ ರಾಷ್ಟ್ರೀಯ ತಂಡಗಳು ಸೇರಿದವು, ಫಿಫಾ 23ರಲ್ಲಿ ಮಹಿಳಾ ಕ್ಲಬ್‌ಗಳೂ ಬಂದವು. 2021ರ ಫಿಫಾ 22ರಲ್ಲಿ ಇಂಡಿಯನ್ ಸೂಪರ್ ಲೀಗ್ ಸೇರಿತು, ಬೆಂಗಳೂರು ಎಫ್‌ಸಿಯ ನೀಲಿ ಅಂಗಿ ತೊಟ್ಟು ಆಡುವ ಅವಕಾಶ ಜಗತ್ತಿನ ಯಾವ ಮೂಲೆಯ ಹುಡುಗನಿಗಾದರೂ ಸಿಕ್ಕಿತು. ಭೂಪಟದಲ್ಲಿ ಕಾಣದ ಊರುಗಳ ಹೆಸರನ್ನು ಮಕ್ಕಳು ಕ್ಲಬ್‌ಗಳ ಮೂಲಕ ಕಲಿಯುತ್ತಾರೆ. ಕರಿಯ, ಬಿಳಿಯ, ಅರಬ, ಆಫ್ರಿಕನ್ನ ಒಂದೇ ತಂಡದಲ್ಲಿ ಆಡುವುದನ್ನು ಸಹಜವೆಂದು ಬಗೆಯುತ್ತಾರೆ. ಇದನ್ನೆಲ್ಲ ಅಲ್ಲಗಳೆದು ಆಟವನ್ನು ಬೈಯುವುದು ನ್ಯಾಯವಲ್ಲ.

ಆದರೆ ಪ್ರಶ್ನೆ ಇರುವುದು ಚೆಂಡಿನಲ್ಲಿ ಅಲ್ಲ, ಆಟದೊಳಗೆ ತೆರೆದಿರುವ ಅಂಗಡಿಯಲ್ಲಿ. 2009ರಲ್ಲಿ ಅಲ್ಟಿಮೇಟ್ ಟೀಮ್ ಎಂಬ ವಿಭಾಗ ಈ ಸರಣಿಗೆ ಸೇರಿತು. ಇಲ್ಲಿ ಆಟಗಾರರು ಕಾರ್ಡುಗಳ ರೂಪದಲ್ಲಿರುತ್ತಾರೆ. ಕಾರ್ಡುಗಳು ಮುಚ್ಚಿದ ಪ್ಯಾಕೆಟ್‌ನಲ್ಲಿ ಬರುತ್ತವೆ. ಗಂಟೆಗಟ್ಟಲೆ ಆಡಿ ಗಳಿಸಿದ ನಾಣ್ಯಗಳಿಂದ ಪ್ಯಾಕೆಟ್ ಕೊಳ್ಳಬಹುದು, ಇಲ್ಲವೇ ನಿಜವಾದ ಹಣ ಕೊಟ್ಟು ಪಾಯಿಂಟ್ ಪಡೆದು ಕೊಳ್ಳಬಹುದು. ಹೆಚ್ಚಿನ ಪ್ಯಾಕೆಟ್‌ಗಳ ಒಳಗೆ ಯಾರಿದ್ದಾರೆಂದು ಹಣ ಕೊಡುವ ಮೊದಲು ಗೊತ್ತಾಗುವುದಿಲ್ಲ. ಒಳ್ಳೆಯ ಕಾರ್ಡು ಸಿಗುವ ಸಾಧ್ಯತೆಯನ್ನು ಕಂಪನಿ 2018ರಿಂದ ನಮೂದಿಸುತ್ತ ಬಂದಿದೆ. ಅತ್ಯುತ್ತಮ ಕಾರ್ಡುಗಳ ಮುಂದೆ ಕಾಣುವುದು ಶೇಕಡಾ ಒಂದಕ್ಕಿಂತ ಕಡಿಮೆ ಎಂಬ ಮಾತು. ಪ್ಯಾಕೆಟ್ ಒಡೆಯುವಾಗ ಬೆಳಕು ಚಿಮ್ಮುತ್ತದೆ, ಸಂಗೀತ ಏರುತ್ತದೆ, ಹೆಚ್ಚಿನ ಸಲ ಏನೂ ಸಿಗುವುದಿಲ್ಲ. ಇನ್ನೊಂದು ಒಡೆಯೋಣ ಅನಿಸುತ್ತದೆ. ಹೀಗೆ ವರ್ಷವಿಡೀ ಕೂಡಿಸಿದ ತಂಡ ಮರುವರ್ಷದ ಆಟಕ್ಕೆ ಬರುವುದಿಲ್ಲ. ಮತ್ತೆ ಮೊದಲಿನಿಂದ ಶುರು.

ಈ ವ್ಯಾಪಾರ ಎಷ್ಟು ದೊಡ್ಡದು? 2021ರ ಮಾರ್ಚ್‌ಗೆ ಕೊನೆಗೊಂಡ ಹಣಕಾಸು ವರ್ಷದಲ್ಲಿ ಅಲ್ಟಿಮೇಟ್ ಟೀಮ್ ವಿಭಾಗಗಳಿಂದ ಕಂಪನಿಗೆ ಬಂದ ಆದಾಯ 162 ಕೋಟಿ ಡಾಲರ್. ಅದು ಕಂಪನಿಯ ಒಟ್ಟು ಆದಾಯದ ಶೇಕಡಾ 29. ಅಂದರೆ ಆಟದ ಡಬ್ಬಿ ಮಾರಾಟವಾದ ಮೇಲೆಯೇ ಈ ವ್ಯಾಪಾರ ಶುರುವಾಗುತ್ತದೆ.

ಈಗ ವಿಮರ್ಶೆಯತ್ತ ಬರೋಣ. ವಿಮರ್ಶಕ ಆಟವನ್ನು ಬಿಡುಗಡೆಯ ಮುನ್ನಾದಿನಗಳಲ್ಲಿ ಆಡುತ್ತಾನೆ. ಆಗ ಅಂಗಡಿಯ ನಿಜವಾದ ಕೆಲಸ ಶುರುವಾಗಿರುವುದಿಲ್ಲ. ವಾರವಾರವೂ ಹೊಸ ಕಾರ್ಡು ಬಿಟ್ಟು, ಹಳೆಯದನ್ನು ಸಪ್ಪೆ ಮಾಡಿ, ಅವಧಿ ಮುಗಿಯುತ್ತಿದೆ ಎಂದು ಆತುರಪಡಿಸುವ ಆಟ ನಡೆಯುವುದು ಮುಂದಿನ ಹನ್ನೊಂದು ತಿಂಗಳಲ್ಲಿ. ಅದರ ಬಗ್ಗೆ ವಿಮರ್ಶೆಯ ಕೊನೆಯಲ್ಲಿ ಒಂದೆರಡು ವಾಕ್ಯದ ಎಚ್ಚರಿಕೆ ಇರುತ್ತದೆ, ಮೇಲೆ ಅಂಕ ಇರುತ್ತದೆ. ಆಟಗಾರರು ಮಾತ್ರ ಬೇರೆಯೇ ತೀರ್ಪು ಕೊಡುತ್ತಾರೆ. 2019ರಲ್ಲಿ ಫಿಫಾ 20 ಬಂದಾಗ ವಿಮರ್ಶಕರ ಸರಾಸರಿ ಉತ್ತಮವಾಗಿಯೇ ಇತ್ತು. ಆದರೆ ಮೆಟಾಕ್ರಿಟಿಕ್‌ನಲ್ಲಿ ಸಾಮಾನ್ಯ ಆಟಗಾರರು ಕೊಟ್ಟ ಅಂಕ ಹತ್ತಕ್ಕೆ ಎರಡಕ್ಕಿಂತ ಕೆಳಗಿತ್ತು. ಹಣ ಕೇಳದ ಕರಿಯರ್ ಮೋಡ್ ವಿಭಾಗವನ್ನು ದುರಸ್ತಿ ಮಾಡಿರೆಂದು ಅವರು ಆಗ ದೊಡ್ಡ ಗದ್ದಲವನ್ನೇ ಎಬ್ಬಿಸಿದ್ದರು. ಸಿಟ್ಟಿನಲ್ಲಿ ಕೊಟ್ಟ ಅಂಕವನ್ನು ಹಾಗೆಯೇ ನಂಬಬೇಕಿಲ್ಲ. ಆದರೆ ಇಷ್ಟು ಅಂತರ ಕಂಡಾಗ, ಇಬ್ಬರೂ ನೋಡಿದ್ದು ಒಂದೇ ವಸ್ತುವನ್ನೇ ಎಂಬ ಸಂಶಯ ಬರುತ್ತದೆ.

ಇದಕ್ಕೆ ಹೊರತಾದ ಒಂದು ಪ್ರಸಂಗವನ್ನು ನೆನೆಯಬೇಕು. 2020ರಲ್ಲಿ ನಿಂಟೆಂಡೊ ಸ್ವಿಚ್ ಯಂತ್ರಕ್ಕೆ ಫಿಫಾ 21ರ ಲೆಗಸಿ ಆವೃತ್ತಿ ಬಂತು. ತಂಡಗಳ ಪಟ್ಟಿ, ಅಂಗಿಗಳು ಬದಲಾಗಿದ್ದುದನ್ನು ಬಿಟ್ಟರೆ ಅದು ಹಿಂದಿನ ವರ್ಷದ ಆಟವೇ ಆಗಿತ್ತು. ಐಜಿಎನ್ ಎಂಬ ವಿಮರ್ಶಾ ಸಂಸ್ಥೆ ಆಗ ಹಿಂದಿನ ವರ್ಷದ ತನ್ನ ವಿಮರ್ಶೆಯನ್ನೇ ಮತ್ತೆ ಪ್ರಕಟಿಸಿ ಹತ್ತಕ್ಕೆ ಎರಡು ಅಂಕ ಕೊಟ್ಟಿತು. ಕಂಪನಿ ಹಳೆಯ ಆಟವನ್ನು ಹೊಸ ಬೆಲೆಗೆ ಮಾರಬಹುದಾದರೆ ವಿಮರ್ಶಕ ಹಳೆಯ ವಿಮರ್ಶೆಯನ್ನು ಏಕೆ ಕೊಡಬಾರದು? ಜನ ನಕ್ಕರು. ಆದರೆ ಆ ನಗುವಿನಲ್ಲಿ ಒಂದು ವಿಮರ್ಶಾ ತತ್ವವೇ ಇದೆ: ವಸ್ತುವಿನ ಥಳಕನ್ನು ಮಾತ್ರವಲ್ಲ, ಅದನ್ನು ಮಾರುವ ರೀತಿಯನ್ನೂ ತೂಗಬೇಕು. ದುಃಖದ ಸಂಗತಿಯೆಂದರೆ ಈ ನಿಷ್ಠುರತೆ ಚಿಕ್ಕ ಯಂತ್ರದ ಬಡ ಆವೃತ್ತಿಗೆ ಸಿಕ್ಕಿತು, ದೊಡ್ಡ ಆವೃತ್ತಿಗೆ ಸಿಗಲಿಲ್ಲ. ಊರೂರಿಗೆ ತಲುಪುವ ಉಚಿತ ಮೊಬೈಲ್ ಆವೃತ್ತಿಯನ್ನಂತೂ ವಿಮರ್ಶಕರು ಅಷ್ಟು ಗಂಭೀರವಾಗಿ ತೆಗೆದುಕೊಳ್ಳುವುದೇ ಇಲ್ಲ. ಬಾಗಿಲಲ್ಲಿ ಟಿಕೆಟ್ ಇಲ್ಲದ ಕಡೆ ಒಳಗಿನ ಅಂಗಡಿಯೇ ಸರ್ವಸ್ವ ಎಂಬುದನ್ನು ಯಾರು ಹೇಳಬೇಕು?

ವಿಮರ್ಶಕರು ಬಿಟ್ಟದ್ದನ್ನು ಸರಕಾರಗಳು ಕೈಗೆತ್ತಿಕೊಂಡವು. ಬೆಲ್ಜಿಯಂನ ಜೂಜು ಆಯೋಗ 2018ರಲ್ಲಿ ಇಂಥ ಪ್ಯಾಕೆಟ್‌ಗಳನ್ನು ಜೂಜೆಂದು ಕರೆಯಿತು. 2019ರ ಜನವರಿ ಕೊನೆಯಲ್ಲಿ ಕಂಪನಿ ಆ ದೇಶದಲ್ಲಿ ಪಾಯಿಂಟ್ ಮಾರಾಟ ನಿಲ್ಲಿಸಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಒಂದು ಕೋಟಿ ಯೂರೋ ದಂಡ ಬಿತ್ತು. ಆದರೆ 2022ರ ಮಾರ್ಚ್‌ನಲ್ಲಿ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ, ಪ್ಯಾಕೆಟ್ ಪ್ರತ್ಯೇಕ ಆಟವಲ್ಲ, ಕೌಶಲದ ಆಟವೊಂದರ ಭಾಗ ಎಂದು ಹೇಳಿ ದಂಡವನ್ನು ರದ್ದುಮಾಡಿತು. ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಕಾರ್ಡಿನ ಪ್ಯಾಕೆಟ್ ಈ ಮಾತಿನೊಳಗೆ ಸಲೀಸಾಗಿ ಕೂರುವುದಿಲ್ಲ, ಏಕೆಂದರೆ ಸಿಕ್ಕ ಕಾರ್ಡನ್ನು ಕಂಪನಿ ಹಣ ಕೊಟ್ಟು ವಾಪಸು ಪಡೆಯುವುದಿಲ್ಲ. ವಿಚಿತ್ರ ನೋಡಿ: ಗೆಲ್ಲುವ ಅವಕಾಶವೇ ಇಲ್ಲದ ಕಾರಣಕ್ಕೆ ಅದು ಜೂಜಲ್ಲವಂತೆ!

ಲಾಟರಿಯನ್ನು ಕಂಡ ನಾಡು ನಮ್ಮದು. ಕೂಲಿಯ ಹಣ ಸಂಜೆಗೆ ಚೀಟಿಯಾಗಿ ಹರಿದುಹೋಗುವುದನ್ನು ನೋಡಿಯೇ 2007ರಲ್ಲಿ ಕರ್ನಾಟಕ ಲಾಟರಿಯನ್ನು ನಿಷೇಧಿಸಿತು. ಮಟ್ಕಾ ಏನೆಂದು ಉತ್ತರ ಕರ್ನಾಟಕದ ತಾಯಂದಿರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕುರ್‌ಆನ್ ಅಲ್ ಮಾಇದ ಅಧ್ಯಾಯದ 90 ಮತ್ತು 91ನೇ ವಚನಗಳಲ್ಲಿ ಮದ್ಯದ ಜೊತೆಗೇ ಜೂಜನ್ನೂ ಹೆಸರಿಸಿ ದೂರವಿಡಲು ಆದೇಶಿಸುತ್ತದೆ. ಅದು ಮನುಷ್ಯರ ನಡುವೆ ಹಗೆ ಬೆಳೆಸುತ್ತದೆ, ದೇವಸ್ಮರಣೆಯಿಂದಲೂ ನಮಾಝಿನಿಂದಲೂ ತಡೆಯುತ್ತದೆ ಎಂದು ಕಾರಣವನ್ನೂ ಕೊಡುತ್ತದೆ. ಗಮನಿಸಬೇಕಾದದ್ದು ಈ ಕಾರಣವನ್ನು. ಹಣ ವಾಪಸು ಬರುತ್ತದೆಯೋ ಇಲ್ಲವೋ ಎಂಬುದಕ್ಕಿಂತ ಮನುಷ್ಯನಿಗೆ ಏನಾಗುತ್ತದೆ ಎಂಬುದೇ ಇಲ್ಲಿನ ಅಳತೆಗೋಲು. ವಿಮರ್ಶಕನ ಅಂಕಪಟ್ಟಿಯಲ್ಲಿ ಈ ಅಳತೆಗೆ ಒಂದು ಸಾಲೂ ಇಲ್ಲ.

ಹಾಗೆಂದು ನಮ್ಮವರು ಮಾಡುವ ಟೀಕೆಯೂ ಸರಿಯಾದ ವಿಮರ್ಶೆಯಲ್ಲ. ವಿಡಿಯೋ ಗೇಮ್ ಎಂದರೆ ಹರಾಮ್, ಕಾಲಹರಣ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವ ಹಿರಿಯರಿದ್ದಾರೆ. ಹುಡುಗ ಚೆಂಡು ಪಾಸ್ ಮಾಡುವುದಕ್ಕೂ ಪ್ಯಾಕೆಟ್ ಒಡೆಯುವುದಕ್ಕೂ ವ್ಯತ್ಯಾಸ ಕಾಣದ ಹಿರಿಯರ ಮಾತನ್ನು ಹುಡುಗ ಕೇಳುವುದಿಲ್ಲ. ಆಟ ತಪ್ಪಲ್ಲವೆಂದು ಅವನಿಗೆ ಗೊತ್ತು. ಆದ್ದರಿಂದ ಅಂಗಡಿಯೂ ತಪ್ಪಲ್ಲವೆಂದು ತಿಳಿಯುತ್ತಾನೆ. ಅಲ್ಲಿನ ವಿಮರ್ಶಕ ಅಂಗಡಿಯನ್ನು ಬಿಟ್ಟು ಆಟವನ್ನು ನೋಡಿದ, ಇಲ್ಲಿನ ಹಿರಿಯ ಎರಡನ್ನೂ ನೋಡದೆ ತೀರ್ಪು ಕೊಟ್ಟ. ನಡುವೆ ಹುಡುಗ ಒಂಟಿಯಾದ.

ಈ ಪ್ರಶ್ನೆ ಇನ್ನು ಮುಂದೆ ಮುಸ್ಲಿಂ ಜಗತ್ತಿಗೆ ಮತ್ತಷ್ಟು ಹತ್ತಿರವಾಗಲಿದೆ. ಸೌದಿ ಅರೇಬಿಯದ ಪಬ್ಲಿಕ್ ಇನ್ವೆಸ್ಟ್‌ಮೆಂಟ್ ಫಂಡ್ ಮತ್ತು ಅದರ ಪಾಲುದಾರರು ಈ ಕಂಪನಿಯನ್ನು 5,500 ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಯಿತು. ಜೂಜನ್ನು ಕಾನೂನಿನಿಂದ ನಿಷೇಧಿಸಿರುವ ದೇಶದ ನಿಧಿ, ಮುಚ್ಚಿದ ಪ್ಯಾಕೆಟ್‌ಗಳಿಂದ ದೊಡ್ಡ ಆದಾಯ ಕಾಣುವ ಕಂಪನಿಗೆ ಕೈ ಚಾಚಿದೆ. ಬೆಲ್ಜಿಯಂನವರು ಕೇಳಿದ ಪ್ರಶ್ನೆಯನ್ನು ರಿಯಾದ್‌ನಲ್ಲೂ ಕೇಳುವ ಧೈರ್ಯ ನಮ್ಮ ವಿದ್ವಾಂಸರಿಗೆ, ಪತ್ರಿಕೆಗಳಿಗೆ ಇರಬೇಕು. ಮಾಲೀಕ ನಮ್ಮವನಾದರೆ ಸರಕು ಹಲಾಲ್ ಆಗುವುದಿಲ್ಲ.

ಅದೇ ರಿಯಾದ್ ನಗರದ ಕಿಂಗ್ ಫಹದ್ ಮೈದಾನದಲ್ಲಿ 2023ರ ಮಾರ್ಚ್ 4ರಂದು ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1968-69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ಮೇಲೆ ಅದೇ ಮೊದಲು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಹೆಚ್ಚಿನವರು ಬರಿಗಾಲಲ್ಲಿ ಆಡಿ ಫ್ರಾನ್ಸ್‌ಗೆ 1-2ರಿಂದ ಸೋತರು. ಆ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು, ಗೋಲು ಹೊಡೆದ ಸಾರಂಗಪಾಣಿ ರಾಮನ್ ಇದ್ದರು. ಈ ಹೆಸರುಗಳನ್ನು ನಮ್ಮ ಮಕ್ಕಳಿಗೆ ಯಾವ ಪ್ಯಾಕೆಟ್ಟೂ ಕೊಡುವುದಿಲ್ಲ. ನಾವೇ ಹೇಳಬೇಕು.

ಹಾಗಾದರೆ ಒಳ್ಳೆಯ ವಿಮರ್ಶೆ ಹೇಗಿರಬೇಕು? ಅದು ಮೂರು ಪ್ರಶ್ನೆ ಕೇಳಬೇಕು. ಹಣ ಹಾಕದೆ ಆಡುವವನು ಎಷ್ಟು ದೂರ ಹೋಗಬಲ್ಲ? ಹಣ ಹಾಕಿದವನಿಗೆ ವರ್ಷದ ಕೊನೆಯಲ್ಲಿ ಏನು ಉಳಿಯಿತು? ಹದಿಮೂರು ವರ್ಷದ ಹುಡುಗನ ಕೈಗೆ ಫೋನು ಕೊಟ್ಟ ಮನೆಯವರು ಯಾವ ಗುಂಡಿಯನ್ನು ಮೊದಲು ಬಂದ್ ಮಾಡಬೇಕು? ಗೋಲ್‌ಕೀಪರ್ ಚುರುಕಾದನೋ ಇಲ್ಲವೋ ಎಂಬುದನ್ನು ಆಮೇಲೆ ನೋಡಿದರಾಯಿತು. ಬರುವ ಸೆಪ್ಟೆಂಬರ್‌ನಲ್ಲಿ ಮತ್ತೊಂದು ಆವೃತ್ತಿ ಬಂದಾಗ ಈ ಮೂರನ್ನು ಕೇಳುವ ವಿಮರ್ಶಕ ಎಲ್ಲಿಯೂ ಸಿಗದಿದ್ದರೆ, ಸಾಲಗುಂದದ ತಂದೆಯೇ ಮಗನ ಪಕ್ಕ ಕುಳಿತು ಒಂದು ಪಂದ್ಯ ನೋಡಲಿ, ಕೊನೆಯಲ್ಲಿ ಅಂಗಡಿಯನ್ನು ತೆರೆದು ತೋರಿಸಲು ಹೇಳಲಿ. ಅವರಿಬ್ಬರ ಮಾತು ಆ ವರ್ಷದ ಎಲ್ಲ ಅಂಕಗಳಿಗಿಂತ ಬೆಲೆಯುಳ್ಳದ್ದಾದೀತು.