ಪರಭಾಷಾ ಪರೀಕ್ಷೆಯ ಅಳತೆಗೋಲು

ಪದವಿ ತರಗತಿಯ ವಿದ್ಯಾರ್ಥಿಯೊಬ್ಬನು ಇಂಗ್ಲಿಷ್ ಪತ್ರಿಕೆಯಲ್ಲಿ ನೂರಕ್ಕೆ 60 ಅಂಕಗಳನ್ನು ಪಡೆದನೆಂದು ಇಟ್ಟುಕೊಳ್ಳೋಣ. ಆ ಅಂಕದಿಂದ ನಾವು ಏನನ್ನು ತಿಳಿಯಬೇಕು? ಅವನು ವರ್ತಮಾನಪತ್ರಿಕೆಯ ಅಗ್ರಲೇಖನವೊಂದನ್ನು ಓದಿ ಅದರ ವಾದವನ್ನು ಹೇಳಬಲ್ಲನೆ? ಪರಿಚಯವಿಲ್ಲದ ಅಧಿಕಾರಿಗೆ ತನ್ನ ಸ್ವಂತ ಮಾತಿನಲ್ಲಿ ಅರ್ಜಿ ಬರೆಯಬಲ್ಲನೆ? ಉಪನ್ಯಾಸವನ್ನು ಕೇಳಿ ಟಿಪ್ಪಣಿ ಮಾಡಿಕೊಳ್ಳಬಲ್ಲನೆ? ಈ ಪ್ರಶ್ನೆಗಳಲ್ಲಿ ಒಂದಕ್ಕೂ ಆ ಅಂಕದಲ್ಲಿ ಉತ್ತರವಿಲ್ಲ. ಪಠ್ಯವಾಗಿ ಗೊತ್ತುಮಾಡಿದ ಪಾಠಗಳ ಮೇಲೆ ಕೇಳಿದ ಪ್ರಶ್ನೆಗಳಿಗೆ ಪರೀಕ್ಷಕರಿಗೆ ಒಪ್ಪಿಗೆಯಾಗುವಂಥ ಉತ್ತರಗಳನ್ನು ಅವನು ಮೂರು ಗಂಟೆಗಳೊಳಗಾಗಿ ಬರೆದನು ಎಂಬಷ್ಟನ್ನು ಮಾತ್ರ ಅದು ಹೇಳುತ್ತದೆ. ಭಾಷೆಯ ಪರೀಕ್ಷೆಯೆಂದು ನಾವು ಕರೆಯುವುದು ಬಹುಮಟ್ಟಿಗೆ ನೆನಪಿನ ಪರೀಕ್ಷೆಯಾಗಿದೆಯೆಂಬುದೇ ಈ ಲೇಖನದ ಆಕ್ಷೇಪ.

ಚರ್ಚೆಯನ್ನು ಒಂದು ನೆಲದ ಮೇಲೆ ನಿಲ್ಲಿಸಿ ನಡೆಸುವುದು ಲೇಸು. ಸಿರಾ ತಾಲ್ಲೂಕಿನ ಬುಕ್ಕಾಪಟ್ಟಣವನ್ನು ತೆಗೆದುಕೊಳ್ಳಬಹುದು. ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಆಂಧ್ರದ ಗಡಿಗೆ ಹೊಂದಿಕೊಂಡ ಈ ಸೀಮೆಯಲ್ಲಿ, ಅದರಲ್ಲಿಯೂ ಪಾವಗಡದ ಕಡೆ, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬುದು ಸಾಮಾನ್ಯ ಸಂಗತಿ; ಸಿರಾದಂಥ ಪೇಟೆಯಲ್ಲಿ ದಖ್ಖನಿ ಉರ್ದುವೂ ಕಿವಿಗೆ ಬೀಳುತ್ತದೆ. ಹೀಗೆ ಎರಡು ಮೂರು ಭಾಷೆಗಳ ನಡುವೆ ದಿನವೂ ಓಡಾಡುವ ಹುಡುಗ ಹುಡುಗಿಯರು ನಮ್ಮ ಕಾಲೇಜುಗಳಿಗೆ ಬಂದು, ಇಂಗ್ಲಿಷಿನ ಪತ್ರಿಕೆಯ ಮುಂದೆ ಕುಳಿತೊಡನೆ, ಭಾಷೆಯೇ ಬಾರದವರೆಂದು ಗಣಿಸಲ್ಪಡುತ್ತಾರೆ. ಇಂಗ್ಲಿಷನ್ನು ಪರಭಾಷೆಯೆನ್ನಬಹುದೆ ಎಂದು ನಗರದ ಅಧ್ಯಾಪಕರು ಕೇಳಬಹುದು. ತರಗತಿಯಿಂದ ಹೊರಬಿದ್ದ ಬಳಿಕ ಆ ಭಾಷೆಯಲ್ಲಿ ಮಾತನಾಡುವವರು ಒಬ್ಬರೂ ಸಿಕ್ಕದ ಊರಿನಲ್ಲಿ ಅದು ಪರಭಾಷೆಯಲ್ಲದೆ ಬೇರೇನು?

ಈ ಸೀಮೆಗೆ ಪರಭಾಷೆ ಹೊಸತಲ್ಲ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಸಿರಾ ಮೊಗಲರ ಸುಬೆಯ ರಾಜಧಾನಿಯಾದಾಗ ಪಾರಸಿ ದಫ್ತರದ ಭಾಷೆಯಾಗಿದ್ದಿತು. ಅಂದು ಅದನ್ನು ಕಲಿತವನ ಪರೀಕ್ಷೆ ಅವನು ಬರೆದ ಕಾಗದದಲ್ಲಿಯೇ ಆಗುತ್ತಿದ್ದಿರಬೇಕು. ಪಾರಸಿ ಕಾವ್ಯದ ಸಾರಾಂಶವನ್ನು ಬಾಯಿಪಾಠ ಒಪ್ಪಿಸಿದವನಿಗೆ ಯಾರೂ ಕರಣಿಕತನವನ್ನು ಕೊಟ್ಟಿರಲಾರರು.

ಈಗ ಪ್ರಶ್ನಪತ್ರಿಕೆಯನ್ನು ನೋಡೋಣ. ಪಾಠವೊಂದರ ಮೇಲೆ ಪ್ರಬಂಧರೂಪದ ಉತ್ತರ, ಕೆಲವು ಕಿರು ಟಿಪ್ಪಣಿಗಳು, ವ್ಯಾಕರಣದ ಬಿಡಿ ಪ್ರಶ್ನೆಗಳು, ಒಂದು ಪತ್ರಲೇಖನ: ಇದು ಬಹುಕಾಲದಿಂದ ರೂಢಿಯಲ್ಲಿರುವ ಚೌಕಟ್ಟು. ಬಜಾರಿನ ಮಾರ್ಗದರ್ಶಿಗಳು ಈ ಚೌಕಟ್ಟನ್ನು ಅಧ್ಯಾಪಕರಿಗಿಂತ ಚೆನ್ನಾಗಿ ಅರಿತಿವೆ. ಕಂಠಪಾಠ ಮಾಡಿದವನು ತಪ್ಪು ಮಾಡುವುದಿಲ್ಲ. ಅವನ ವಾಕ್ಯಗಳು ಮಾರ್ಗದರ್ಶಿಯವು. ಆದುದರಿಂದ ಅವು ಶುದ್ಧವಾಗಿರುತ್ತವೆ. ತನ್ನ ಮಾತನ್ನು ತಾನೇ ಕಟ್ಟಲು ಹೊರಟವನು ಮಾತ್ರ ಎಡವುತ್ತಾನೆ. ‘ಐ ಆಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್ ದಿಸ್ ಲೆಸನ್’ ಎಂದು ಒಬ್ಬನು ಬರೆದನೆನ್ನಿ. ಪರೀಕ್ಷಕರ ಕೆಂಪು ಶಾಯಿ ಅಲ್ಲಿ ಗೆರೆ ಎಳೆಯುತ್ತದೆ. ಆದರೆ ‘ಅರ್ಥವಾಗುತ್ತಿಲ್ಲ’ ಎಂಬ ಕನ್ನಡ ಕ್ರಿಯಾಪದದಲ್ಲಿರುವ ನಡೆಯುತ್ತಿರುವ ಕಾಲದ ಭಾವವನ್ನು ಅವನು ಇಂಗ್ಲಿಷಿಗೆ ಕ್ರಮವಾಗಿಯೇ ತಂದಿದ್ದಾನೆ. ಆ ಭಾಷೆಯಲ್ಲಿ ಅರಿವನ್ನು ಸೂಚಿಸುವ ಕೆಲವು ಧಾತುಗಳು ಈ ರೂಪವನ್ನು ಒಲ್ಲವೆಂಬುದೊಂದು ಅವನಿಗೆ ಇನ್ನೂ ತಿಳಿಯದು. ‘ದಿ’, ‘ಎ’ ಎಂಬ ಉಪಪದಗಳನ್ನು ಬಿಡುವುದೂ ಇಂಥದೇ. ಕನ್ನಡ ತೆಲುಗುಗಳೆರಡರಲ್ಲಿಯೂ ಅವಕ್ಕೆ ಸರಿಸಮನಾದ ಪದಗಳಿಲ್ಲದಿರುವುದರಿಂದ ಪಾವಗಡದ ಹುಡುಗನೂ ಬುಕ್ಕಾಪಟ್ಟಣದ ಹುಡುಗನೂ ಒಂದೇ ಸ್ಥಳದಲ್ಲಿ ಎಡವುತ್ತಾರೆ. ಕಲಿಯುವವನ ತಪ್ಪುಗಳು ಕಲಿಕೆ ಎಲ್ಲಿಯವರೆಗೆ ಬಂದಿದೆಯೆಂಬುದಕ್ಕೆ ಸಾಕ್ಷಿಗಳೆಂದು ಪಿಟ್ ಕಾರ್ಡರ್ 1967ರಷ್ಟು ಹಿಂದೆಯೇ ವಾದಿಸಿದರು. ನಮ್ಮ ಅಂಕ ಕೊಡುವ ಪದ್ಧತಿ ಆ ಸಾಕ್ಷಿಯನ್ನೇ ಅಪರಾಧವೆಂದು ಎಣಿಸುತ್ತದೆ. ಸಾಕ್ಷಿಯೇ ಇಲ್ಲದ ಉತ್ತರಕ್ಕೆ ಮೊದಲನೆಯ ದರ್ಜೆಯನ್ನು ಕೊಡುತ್ತದೆ. ಇದಕ್ಕಿಂತ ತಲೆಕೆಳಗಾದ ನ್ಯಾಯ ಬೇರೊಂದಿದೆಯೆಂದು ನನಗೆ ತೋರುವುದಿಲ್ಲ.

ಹಾಗಾದರೆ ಬಿಡಿ ಬಿಡಿ ಅಂಶಗಳ ವಸ್ತುನಿಷ್ಠ ಪರೀಕ್ಷೆಯೇ ಮೇಲೆ ಎಂದು ಕೆಲವರು ಹೇಳುತ್ತಾರೆ. 1961ರಲ್ಲಿ ರಾಬರ್ಟ್ ಲಾಡೊ ಅವರ ಗ್ರಂಥದಿಂದ ಈ ಮಾರ್ಗಕ್ಕೆ ಶಾಸ್ತ್ರದ ಬಲ ಬಂದಿತು. ಅದೇ ವರ್ಷ ಜಾನ್ ಕ್ಯಾರಲ್ ಅವರು, ಭಾಷೆಯನ್ನು ಇಡಿಯಾಗಿ ಬಳಸುವ ಶಕ್ತಿಯನ್ನೂ ಅಳೆಯಬೇಕೆಂದು ಎಚ್ಚರಿಸಿದರು. ಈ ವಾದ ದೂರದೇಶದ್ದೆಂದು ತಳ್ಳಿಹಾಕುವಂತಿಲ್ಲ. ಇದರ ಪ್ರಯೋಗ ನಮ್ಮ ನಾಡಿನಲ್ಲಿಯೇ ನಡೆದಿದೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ನಡೆಸಿದ ‘ಬೆಂಗಳೂರು ಯೋಜನೆ’ಯಲ್ಲಿ, ಶಾಲಾಮಕ್ಕಳಿಗೆ ವ್ಯಾಕರಣದ ರಚನೆಗಳನ್ನು ಒಂದೊಂದಾಗಿ ಕಲಿಸದೆ, ವೇಳಾಪಟ್ಟಿಯನ್ನು ಓದುವುದು, ನಕ್ಷೆಯಲ್ಲಿ ದಾರಿ ಹುಡುಕುವುದು ಮುಂತಾದ ಕೆಲಸಗಳ ಮೂಲಕ ಇಂಗ್ಲಿಷನ್ನು ಕಲಿಸಲಾಯಿತು. ಕೊನೆಯಲ್ಲಿ ಬೆರೆಟ್ಟಾ ಮತ್ತು ಡೇವಿಸ್ ಎಂಬ ವಿದ್ವಾಂಸರು ಈ ಮಕ್ಕಳನ್ನೂ ಹಳೆಯ ರೀತಿಯಲ್ಲಿ ಕಲಿತ ಮಕ್ಕಳನ್ನೂ ಪರೀಕ್ಷಿಸಿ 1985ರಲ್ಲಿ ವರದಿಯನ್ನು ಪ್ರಕಟಿಸಿದರು. ಅವರು ಒಂದೇ ಪರೀಕ್ಷೆಯನ್ನು ಕೊಡಲಿಲ್ಲ. ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳು ಸಾಮಾನ್ಯವಾಗಿ ಮೇಲಾದರು. ಕೆಲಸ ಮಾಡಿಸುವ ಪರೀಕ್ಷೆಯಲ್ಲಿ ಯೋಜನೆಯ ಮಕ್ಕಳು ಮೇಲಾದರು. ಉಕ್ತಲೇಖನದಂಥ, ಎರಡು ಪಕ್ಷಕ್ಕೂ ಸೇರದ ಪರೀಕ್ಷೆಗಳನ್ನೂ ಇಟ್ಟಿದ್ದರಿಂದ ಮಾತ್ರ ಯೋಜನೆಯ ಪರವಾಗಿ ಏನನ್ನಾದರೂ ಹೇಳುವುದು ಸಾಧ್ಯವಾಯಿತು. ನಾವು ಯಾವ ಬಗೆಯ ಪ್ರಶ್ನೆಯನ್ನು ಕೇಳುತ್ತೇವೆಯೋ ಅದೇ ಬಗೆಯ ‘ಜಾಣ’ನನ್ನು ಸೃಷ್ಟಿಸುತ್ತೇವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಅಪರಿಚಿತ ಗದ್ಯಭಾಗವನ್ನು ಕೊಟ್ಟು ಅರ್ಥಗ್ರಹಣವನ್ನು ಪರೀಕ್ಷಿಸುವುದು ಕಂಠಪಾಠಕ್ಕೆ ಮದ್ದೆಂಬುದು ನಿಜ. ಆದರೆ ಅಲ್ಲಿಯೂ ಒಂದು ತೊಡಕಿದೆ. ಲಂಡನ್ನಿನ ಸುರಂಗ ರೈಲಿನ ಮೇಲಣ ಗದ್ಯಭಾಗವನ್ನು ಕೊಟ್ಟರೆ ಬುಕ್ಕಾಪಟ್ಟಣದ ವಿದ್ಯಾರ್ಥಿ ಸೋಲುವುದು ಭಾಷೆಯಲ್ಲಿಯೋ ವಿಷಯದಲ್ಲಿಯೋ ಹೇಳುವುದು ಕಷ್ಟ. ಅದಕ್ಕೆ ಬದಲಾಗಿ ಅವನ ಊರಿನ ಹೆಸರನ್ನೇ ಹೊತ್ತು 2019ರಲ್ಲಿ ಘೋಷಿತವಾದ ಚಿಂಕಾರ ವನ್ಯಧಾಮದ ಮೇಲೆ ಬರೆದ ಭಾಗವನ್ನು ಕೊಟ್ಟರೆ, ಅವನು ಓದದೆಯೇ ಅರ್ಧ ಉತ್ತರಗಳನ್ನು ಬರೆದಾನು. ವಿಷಯ ತೀರ ಅನ್ಯವೂ ಆಗಬಾರದು, ತೀರ ಪರಿಚಿತವೂ ಆಗಬಾರದು. ಪ್ರಶ್ನೆ ತೆಗೆಯುವವರಿಗೆ ಇದು ಕಠಿನವಾದ ಕೆಲಸ. ಒಂದು ಸಂಜೆಯಲ್ಲಿ ಮುಗಿಯುವಂಥದಲ್ಲ.

ನನಗೆ ಹೆಚ್ಚು ಭರವಸೆಯುಳ್ಳದ್ದಾಗಿ ತೋರುವುದು ಅನುವಾದ. ಇದನ್ನು ಹಳೆಯ ಕಾಲದ ಕಸವೆಂದು ಬೋಧನಶಾಸ್ತ್ರಜ್ಞರು ತರಗತಿಯಿಂದ ಹೊರಹಾಕಿದರು. ಆದರೆ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು 1926ರ ‘ಇಂಗ್ಲಿಷ್ ಗೀತಗಳು’ ಸಂಗ್ರಹದಲ್ಲಿ ತೋರಿಸಿದುದಾದರೂ ಏನು? ಎರಡು ಭಾಷೆಗಳ ನಡುವೆ ನಿಂತು ಒಂದರ ಅರ್ಥವನ್ನು ಇನ್ನೊಂದರಲ್ಲಿ ಹುಟ್ಟಿಸುವವನಿಗೆ ಎರಡೂ ಭಾಷೆಗಳು ಬರಬೇಕೆಂಬುದನ್ನಲ್ಲವೆ? ಯೂರೋಪಿನವರು 2001ರಲ್ಲಿ ಆರು ಮಟ್ಟಗಳ ಭಾಷಾ ಚೌಕಟ್ಟನ್ನು ರಚಿಸಿದಾಗಲೇ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಈ ಮಧ್ಯಸ್ಥಿಕೆಗೆ ಸ್ಥಾನ ಕೊಟ್ಟಿದ್ದರು. 2020ರ ಪೂರಕ ಸಂಪುಟದಲ್ಲಿ ಅದನ್ನು ಬಹಳವಾಗಿ ವಿಸ್ತರಿಸಿದ್ದಾರೆ. ಹಳ್ಳಿಯ ಮನೆಯೊಂದಕ್ಕೆ ಬ್ಯಾಂಕಿನಿಂದ ಇಂಗ್ಲಿಷಿನಲ್ಲಿ ಕಾಗದ ಬಂದರೆ ಅದನ್ನು ಓದಿ ಅಜ್ಜಿಗೆ ತೆಲುಗಿನಲ್ಲಿಯೋ ಕನ್ನಡದಲ್ಲಿಯೋ ಬಿಡಿಸಿ ಹೇಳುವವಳು ಕಾಲೇಜಿಗೆ ಹೋಗುವ ಮೊಮ್ಮಗಳು. ಬಡ್ಡಿ, ಗಡುವು, ಅಡಮಾನಗಳ ವಿವರದಲ್ಲಿ ಅವಳು ತಪ್ಪಿದರೆ ಮನೆಯ ಹೊಲಕ್ಕೆ ಕುತ್ತು. ಇಷ್ಟು ಗುರುತರವಾದ ಕೆಲಸವನ್ನು ಮಾಡಬಲ್ಲವಳಿಗೆ ನಮ್ಮ ಪತ್ರಿಕೆ ಒಂದು ಅಂಕವನ್ನಾದರೂ ಮೀಸಲಿಟ್ಟಿದೆಯೆ? ಅಂಥ ಕಾಗದವನ್ನೇ ಪರೀಕ್ಷೆಯಲ್ಲಿ ಕೊಟ್ಟು, ಅದರ ತಾತ್ಪರ್ಯವನ್ನು ಕನ್ನಡದಲ್ಲಿ ಬರೆಯುವಂತೆಯೂ, ಅದಕ್ಕೆ ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯುವಂತೆಯೂ ಕೇಳಬಹುದು. ಇದಕ್ಕೆ ಯಾವ ಮಾರ್ಗದರ್ಶಿಯೂ ಸಿದ್ಧ ಉತ್ತರವನ್ನು ಅಚ್ಚುಹಾಕಲಾರದು. ಕನ್ನಡದಲ್ಲಿ ಬರೆದುದಕ್ಕೆ ಇಂಗ್ಲಿಷಿನ ಅಂಕ ಕೊಡುವುದೆ ಎಂಬ ಆಕ್ಷೇಪಣೆ ಬಂದೇ ಬರುತ್ತದೆ. ಅಳೆಯುತ್ತಿರುವುದು ಗ್ರಹಣಶಕ್ತಿಯಾದ ಪಕ್ಷದಲ್ಲಿ ಅದನ್ನು ಯಾವ ಭಾಷೆಯಲ್ಲಿ ತೋರಿಸಿದರೂ ಬಾಧಕವಿಲ್ಲ.

ಬಾಯಿಪರೀಕ್ಷೆಯ ವಿಷಯದಲ್ಲಿ ಮಾತ್ರ ನನಗೆ ಪೂರ್ಣ ಸಮಾಧಾನವಿಲ್ಲ. ತುಮಕೂರು ಜಿಲ್ಲೆಯ ಕಾಲೇಜುಗಳಿಗೆ 2004ರಿಂದ ತಮ್ಮದೇ ವಿಶ್ವವಿದ್ಯಾನಿಲಯವಿದೆ. ಮಾತಿನ ಪರೀಕ್ಷೆಯನ್ನು ಆಯಾ ಕಾಲೇಜಿನಲ್ಲಿಯೇ ನಡೆಸಲು ದೂರದ ಅಡ್ಡಿಯಿಲ್ಲ. ಆದರೆ ಕೇಳುವ ಕಿವಿ ಯಾರದು? ಹಂಬು ಎಂಬರ್ಥದ ಇಂಗ್ಲಿಷ್ ಶಬ್ದವೂ ದ್ರಾಕ್ಷಾರಸವೆಂಬರ್ಥದ ಶಬ್ದವೂ ನಮ್ಮ ಬಾಯಲ್ಲಿ ಒಂದೇ ‘ವೈನ್’ ಆಗುತ್ತವೆ. ಅಧ್ಯಾಪಕರಲ್ಲಿಯೂ ಬಹುಮಂದಿ ಆ ಎರಡು ಧ್ವನಿಗಳನ್ನು ಬೇರ್ಪಡಿಸುವುದಿಲ್ಲ. ತಾನು ಉಚ್ಚರಿಸದ ಭೇದಕ್ಕಾಗಿ ವಿದ್ಯಾರ್ಥಿಯ ಅಂಕವನ್ನು ಕಳೆಯುವ ಹಕ್ಕು ಪರೀಕ್ಷಕನಿಗಿಲ್ಲವೆಂದೇ ನನ್ನ ಮತ. ಮಾತು ಕೇಳಿದವನಿಗೆ ಅರ್ಥವಾಯಿತೆ, ಮರುಪ್ರಶ್ನೆಗೆ ವಿದ್ಯಾರ್ಥಿ ನಿಂತನೆ ಎಂಬಿಷ್ಟನ್ನು ನೋಡಿ, ಉಚ್ಚಾರಣೆಯ ಕಲಮನ್ನು ಅಂಕಪಟ್ಟಿಯಿಂದ ಸದ್ಯಕ್ಕೆ ತೆಗೆದುಹಾಕಬಹುದು.